ಪಾದೆಯ ಮೇಲೊಂದು ದಾರಿ

ಒಂದೇ ದಿನದಲ್ಲಿ ನಾನು ನಲವತ್ತಮೂರು ಕಲ್ಲುಗುಪ್ಪೆಗಳನ್ನು ಕೆಡವಿದೆ. ಕೆಡವಿ ಸುಮ್ಮನಿದ್ದರೆ ಬೇರೆ ಮಾತು. ಪ್ರತಿಯೊಂದರ ಫೋಟೋ ತೆಗೆದು ಇಲಾಖೆಯ ವಾಟ್ಸಾಪ್ ಗುಂಪಿಗೆ ಹಾಕಿ ಬೀಗಿದೆ. ಸೋಣಮಲೆಗೆ ಅರಣ್ಯ ಪಾಲಕಿಯಾಗಿ ಬಂದು ಆಗ ನನಗೆ ಒಂಬತ್ತು ದಿನವಾಗಿತ್ತಷ್ಟೆ.

ಚಾರಣಕ್ಕೆ ಬಂದವರು ಫೋಟೋಗಾಗಿ ಕಲ್ಲಿನ ಮೇಲೆ ಕಲ್ಲು ಪೇರಿಸುತ್ತಾರೆ, ಅದರಿಂದ ಕಲ್ಲಿನಡಿಯ ಕಪ್ಪೆ, ಹಲ್ಲಿಗಳ ಮನೆ ಹಾಳಾಗುತ್ತದೆ, ಕಂಡಲ್ಲಿ ಕೆಡವಿ ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ನಾನು ಶಾಲೆಯಲ್ಲೂ ಹೇಳಿದ ಮಾತು ಕೇಳುವ ಹುಡುಗಿ. ಮಳೆಗಾಲಕ್ಕೆ ಬೆಟ್ಟ ಮುಚ್ಚಿತ್ತು, ತಡೆಯುವವರು ಯಾರೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಚೆಕ್‌ಪೋಸ್ಟಿನ ಎದುರು ಒಬ್ಬ ಬಂದು ನಿಂತ. ಪ್ಯಾಂಟನ್ನು ಮೊಣಕಾಲಿನ ತನಕ ಮಡಚಿದ್ದ. ಕಾಲಲ್ಲಿ ಎರಡು ಜಿಗಣೆ ಕಚ್ಚಿಕೊಂಡಿದ್ದರೂ ಅದರ ಕಡೆ ಅವನ ಗಮನವಿರಲಿಲ್ಲ.

"ಗುಪ್ಪೆ ಬೀಳಿಸಿದ್ದು ಯಾರು?"

"ನಾನು. ಎಂತ ಈಗ?"

ಅವನು ನನ್ನನ್ನು ಟೋಪಿಯಿಂದ ಬೂಟಿನ ತನಕ ನೋಡಿದ. ಮತ್ತೆ ಬೂಟಿನಿಂದ ಟೋಪಿಯ ತನಕ ನೋಡಿದ. ಆ ಕಣ್ಣುಗಳಲ್ಲಿ ಸಿಟ್ಟಿತ್ತು, ಸಿಟ್ಟಿನ ಹಿಂದೆ ಎಲ್ಲೋ ನಗುವೂ ಇತ್ತು. ನನಗೆ ಆ ನಗು ಕಂಡೇ ಹೆಚ್ಚು ಸಿಟ್ಟು ಬಂತು.

"ಅದು ಟೂರಿಸ್ಟಿನವರು ಇಟ್ಟದ್ದಲ್ಲ ಮಾರಾಯ್ರೆ. ನಮ್ಮ ಹಳೇ ಗೈಡು ಜತ್ತಪ್ಪಜ್ಜ ಇಟ್ಟದ್ದು. ಮಂಜು ಬಂದ್ರೆ ಮೇಲೆ ನಿಮ್ಮ ಕೈ ನಿಮಗೆ ಕಾಣುದಿಲ್ಲ. ಒಂದು ಗುಪ್ಪೆಯಿಂದ ಮತ್ತೊಂದು ಗುಪ್ಪೆ ನೋಡಿಕೊಂಡು ನಾವು ಜನರನ್ನು ಇಳಿಸುದು."

ನನ್ನ ಕಿವಿ ಬಿಸಿಯಾಯಿತು. ತಪ್ಪಾಯಿತು ಎಂದು ಹೇಳಬೇಕಿತ್ತು. ಹೇಳಿದ್ದು, "ಬೋರ್ಡು ಹಾಕ್ಬೇಕಿತ್ತು."

"ಕಲ್ಲಿಗೆ ಬೋರ್ಡಾ?" ಎಂದು ಅವನು ಈ ಸಲ ನಕ್ಕೇಬಿಟ್ಟ. ಅವನೇ ಜಯಪ್ರಕಾಶ್, ಸೋಣಮಲೆಯ ಇಪ್ಪತ್ತೆರಡು ಗೈಡುಗಳ ಸಂಘದ ಕಾರ್ಯದರ್ಶಿ.

ನಮ್ಮ ಜಗಳ ಅಲ್ಲೇ ಮುಗಿಯುತ್ತಿತ್ತೋ ಏನೋ, ಅಷ್ಟರಲ್ಲಿ ವಲಯ ಅರಣ್ಯಾಧಿಕಾರಿ ಮೇದಪ್ಪ ಸಾರ್ ಅವರ ಜೀಪು ಕಡಬದಿಂದ ಬಂತು. ಅವರು ಇಳಿಯುವ ಮೊದಲೇ ಸುದ್ದಿ ಹೇಳಿದರು. ಇಪ್ಪತ್ತೈದನೇ ತಾರೀಕಿಗೆ ಸರಕಾರದ ಸಮಿತಿ ಬರುತ್ತದೆ. ಬೆಟ್ಟವನ್ನು ಚಾರಣಕ್ಕೆ ತೆರೆಯಬೇಕೋ ಐದು ವರ್ಷ ಮುಚ್ಚಬೇಕೋ ಅವರು ಹೇಳುತ್ತಾರೆ.

ಕಾರಣ ನಮಗೆಲ್ಲ ಗೊತ್ತಿದ್ದದ್ದೇ. ಹುಲ್ಲುಗಾವಲಿನ ನಡುವೆ ಒಂದು ಒರತೆ ಉಂಟು. ಕೆಳಗಿನ ಮೂವತ್ತು ಮನೆಗಳಿಗೆ ಪೈಪಿನಲ್ಲಿ ಬರುವುದು ಅದೇ ನೀರು. ಚಾರಣದ ದಾರಿ ಅದರ ತಲೆಯ ಮೇಲೇ ಹೋಗುತ್ತದೆ. ಕೆಸರು ತಪ್ಪಿಸಲು ಜನ ಪಕ್ಕಕ್ಕೆ ಸರಿದು ನಡೆದು ನಡೆದು, ಒಂದಿದ್ದ ದಾರಿ ಆರಾಗಿತ್ತು. ಕಳೆದ ವರ್ಷ ನೀರು ಕೆಂಪಾಗಿ ಬಂದಿತ್ತು.

"ಒರತೆ ಮುಟ್ಟದ ಬೇರೆ ದಾರಿ ತೋರಿಸಿದ್ರೆ ಬೆಟ್ಟ ತೆರೀತದೆ, ಇಲ್ಲದಿದ್ರೆ ಇಲ್ಲ," ಎಂದರು ಮೇದಪ್ಪ ಸಾರ್. "ಹನ್ನೆರಡು ದಿನ ಉಂಟು. ಇಲಾಖೆ ಕಡೆಯಿಂದ ಹೇಮಶ್ರೀ, ಸಂಘದ ಕಡೆಯಿಂದ ನೀನು ಜಯಪ್ರಕಾಶ್. ಹುಡುಕಿ."

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಇಬ್ಬರಿಗೂ ಇಷ್ಟವಿರಲಿಲ್ಲ ಎಂದು ಈಗಲೂ ಇಬ್ಬರೂ ಹೇಳುತ್ತೇವೆ. ಇಬ್ಬರೂ ಸುಳ್ಳು ಹೇಳುತ್ತೇವೆ.

ಮೊದಲ ಮೂರು ದಿನ ಅವನು ಮುಂದೆ, ನಾನು ಹಿಂದೆ. ಅವನು ತಿರುಗಿ ನೋಡುತ್ತಿರಲಿಲ್ಲ. ಆದರೆ ನನ್ನ ಹೆಜ್ಜೆ ನಿಧಾನವಾದರೆ ಅವನದೂ ನಿಧಾನವಾಗುತ್ತಿತ್ತು. ನಾನು ನಿಂತರೆ ಅವನಿಗೆ ಶೂ ಲೇಸು ಕಟ್ಟುವ ನೆನಪಾಗುತ್ತಿತ್ತು. ಎಂಥ ಬೆಟ್ಟ ಹತ್ತುವವನಿಗೂ ದಿನಕ್ಕೆ ಹದಿನಾರು ಸಲ ಲೇಸು ಬಿಚ್ಚಿ ಹೋಗುವುದಿಲ್ಲ.

ನಾಲ್ಕನೇ ದಿನ ಅವನು ಕಾಡಿನ ಅಂಚಿನಲ್ಲಿ ಒಂದು ದಾರಿ ತೋರಿಸಿದ. ಒರತೆಯಿಂದ ದೂರ, ಏರು ಕಮ್ಮಿ, ನೆಲ ಗಟ್ಟಿ. ಬೇಕಾದ್ದೆಲ್ಲ ಇತ್ತು.

"ಹೇಗುಂಟು ಮೇಡಂ?"

ಅವನ ಮುಖದಲ್ಲಿ ಎಷ್ಟು ಸಂತೋಷವಿತ್ತೆಂದರೆ, ನನಗೆ ಹೌದು ಎಂದುಬಿಡುವ ಆಸೆಯಾಯಿತು. ಆದರೆ ನೆಲದಲ್ಲಿ ಕಾಡುಕೋಣಗಳ ಗೊರಸಿನ ಗುರುತುಗಳಿದ್ದವು, ಹೊಸ ಸೆಗಣಿಯಿತ್ತು.

"ಇದು ಕಾಟಿಗಳ ದಾರಿ."

"ಹೌದು. ಕಾಟಿಗಿಂತ ಒಳ್ಳೆ ಎಂಜಿನಿಯರ್ ಎಲ್ಲುಂಟು?"

"ದಿನಾ ಅರವತ್ತು ಜನ ಇಲ್ಲಿ ನಡೆದ್ರೆ ಅವು ಎಲ್ಲಿ ನಡೆಯುದು? ಕೆಳಗೆ ನಿಮ್ಮ ತೋಟಕ್ಕೇ ಬರುದು. ಇದು ಆಗುದಿಲ್ಲ."

"ಇಪ್ಪತ್ತೆರಡು ಮನೆಯ ಊಟ ಮೇಡಂ ಇದು."

"ಗೊತ್ತುಂಟು. ಆದ್ರೂ ಆಗುದಿಲ್ಲ."

ಅವನು ಇಳಿದುಹೋದ. ಆ ದಿನ ಅವನ ಶೂ ಲೇಸು ಒಮ್ಮೆಯೂ ಬಿಚ್ಚಲಿಲ್ಲ. ನಾನು ಒಬ್ಬಳೇ ಇಳಿಯುತ್ತ, ನನ್ನ ನಾಲಗೆಗೆ ಶಾಪ ಹಾಕಿಕೊಂಡೆ. ಹೇಳಿದ್ದು ತಪ್ಪೆಂದು ಅನಿಸಲಿಲ್ಲ. ಸರಿಯಾದದ್ದನ್ನು ಹೇಳಿಯೂ ಇಷ್ಟು ಬೇಸರ ಯಾಕೆ ಎಂದು ಮಾತ್ರ ತಿಳಿಯಲಿಲ್ಲ. ನಿಜ ಹೇಳಬೇಕೆಂದರೆ, ತಿಳಿದಿತ್ತು.

ಮರುದಿನ ನಾನು ಒಬ್ಬಳೇ ಹತ್ತಿದೆ. ಹುಲ್ಲುಗಾವಲಿನ ಬಲಕ್ಕೆ ಪಾದೆ ಉಂಟು, ಅರ್ಧ ಮೈಲಿ ಉದ್ದದ ಬೋಳು ಬಂಡೆ. ಅದರ ಮೇಲೆ ಕೂತು ಚಪಾತಿ ತಿನ್ನುತ್ತಿದ್ದಾಗ ಹೊಳೆಯಿತು. ಇಲ್ಲಿ ಸವೆಯಲು ಮಣ್ಣೇ ಇಲ್ಲ.

ಜಯಪ್ರಕಾಶನ ಮನೆಗೆ ಹೋಗಿ ಹೇಳಿದೆ. ಅವನ ತಾಯಿ ತಿಮ್ಮಕ್ಕ ನನಗೆ ಚಹಾ ಕೊಟ್ಟು, ಮಗನ ಮುಖವನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿ, ಕೆಲಸವಿಲ್ಲದಿದ್ದರೂ ಒಳಗೆ ಹೋದರು.

"ಪಾದೆಯಲ್ಲಿ ಹೆಜ್ಜೆ ಗುರುತು ಉಳಿಯುದಿಲ್ಲ," ಎಂದ ಅವನು.

"ನನಗೆ ಬೇಕಾದ್ದೇ ಅದು."

"ನನಗೆ ಹೆದರಿಕೆ ಇರುದೂ ಅದೇ. ಮಂಜಲ್ಲಿ ದಾರಿ ತಪ್ಪಿದ್ರೆ ಎಡಗಡೆ ಪ್ರಪಾತ."

"ಗುಪ್ಪೆ ಇಡುವ."

ಅವನು ತಲೆಯೆತ್ತಿದ. "ಯಾರು? ನೀವಾ?"

"ನಲವತ್ತಮೂರು ಕೆಡವಿದ್ದೇನೆ. ಲೆಕ್ಕಕ್ಕೆ ಸಾಲ ನನ್ನದೇ. ತಪ್ಪಾಯ್ತು ಜಯಪ್ರಕಾಶ್. ಅವತ್ತೇ ಹೇಳ್ಬೇಕಿತ್ತು."

ಅವನು ಎದ್ದು ಶೂ ಹಾಕಿಕೊಂಡು, ಲೇಸನ್ನು ಬೇಕೆಂದೇ ಸಡಿಲವಾಗಿ ಕಟ್ಟಿಕೊಂಡ. ನನ್ನನ್ನು ನೋಡುತ್ತಲೇ ಕಟ್ಟಿಕೊಂಡ.

ಜತ್ತಪ್ಪಜ್ಜ ನಮಗೆ ಕೆಲಸ ಕಲಿಸಿಕೊಟ್ಟರು. ಎಪ್ಪತ್ತು ದಾಟಿದ ಅವರು ಈಗ ಗೈಡಾಗಿ ಹೋಗುವುದಿಲ್ಲ, ಆದರೆ ಮಂಜು ಕವಿದ ದಿನ ನೋಡಿ ಕೋಲೂರಿಕೊಂಡು ಬಂದರು. ಗುಪ್ಪೆಯನ್ನು ಬಿಸಿಲಲ್ಲಿ ಇಡಬಾರದಂತೆ. ದಟ್ಟ ಮಂಜಿನಲ್ಲೇ ಇಡಬೇಕಂತೆ. ಒಬ್ಬರು ಗುಪ್ಪೆಯ ಹತ್ತಿರ ನಿಲ್ಲುವುದು, ಇನ್ನೊಬ್ಬರು ಅವರ ಮುಖ ನೋಡುತ್ತ ಹಿಂದೆ ಹಿಂದೆ ನಡೆಯುವುದು. ಮುಖ ಮಸುಕಾದಲ್ಲಿ ನಿಂತರೆ ಅದೇ ಮುಂದಿನ ಗುಪ್ಪೆಯ ಜಾಗ.

"ಕೂಸು ಹಿಂದೆ ನಡೀಲಿ. ನಾನು ಅದರ ಬೆನ್ನ ಹಿಂದೆ ದಾರಿ ನೋಡ್ತೇನೆ," ಎಂದರು ಅಜ್ಜ, ನನ್ನನ್ನು ತೋರಿಸಿ.

ಹಾಗೆ ನಾನು ಜಯಪ್ರಕಾಶನ ಮುಖ ನೋಡುವುದು ಸರಕಾರಿ ಕೆಲಸವಾಯಿತು.

ಒಂದು, ಎರಡು, ಮೂರು ಹೆಜ್ಜೆ. ಅವನ ಹುಬ್ಬಿನ ಮೇಲೆ ಮಂಜಿನ ಹನಿಗಳು ಕೂತಿದ್ದವು. ಐದು, ಆರು. ತುಟಿ ಬಿಗಿಹಿಡಿದು ನಗು ತಡೆಯುತ್ತಿದ್ದ. ಎಂಟು. ಕಣ್ಣುಗಳು ಮಾತ್ರ ನನ್ನ ಮೇಲೇ ಇದ್ದವು, ಆ ಕಣ್ಣುಗಳಲ್ಲಿ ಈಗ ಸಿಟ್ಟಿರಲಿಲ್ಲ. ಹತ್ತು. ಇನ್ನು ಮುಂದೆ ಅವನ ಮುಖ ಬರೀ ಬಿಳಿಯಾಗುತ್ತದೆ ಎಂದು ಗೊತ್ತಾದ ಕೂಡಲೇ ನನ್ನ ಕಾಲು ನಿಂತಿತು.

"ಇಲ್ಲಿ."

"ಹತ್ತೇ ಹೆಜ್ಜೆಯಾ? ಅಜ್ಜ ಹದಿನೈದಕ್ಕೆ ಇಡ್ತಾರೆ!"

"ನನ್ನ ಕಣ್ಣು ಸರಿ ಇಲ್ಲ."

ಇಲಾಖೆಯ ಮೆಡಿಕಲ್ ಟೆಸ್ಟಿನಲ್ಲಿ ಕೊನೆಯ ಸಾಲಿನ ಅಕ್ಷರವನ್ನೂ ಪಟಪಟನೆ ಓದಿದವಳು ನಾನು.

ಹದಿನೈದು ಹೆಜ್ಜೆಗೊಂದಾದರೆ ಅರವತ್ತು ಗುಪ್ಪೆ ಸಾಕಿತ್ತು. ಹತ್ತಕ್ಕೊಂದಾಗಿ ತೊಂಬತ್ತು ಬೇಕಾಯಿತು. ಸಂಘದ ಗೈಡುಗಳೆಲ್ಲ ಬಂದು ಕಲ್ಲು ಹೊತ್ತರು, ನನ್ನ ಕಣ್ಣಿಗೆ ಬೈಯುತ್ತಲೇ ಹೊತ್ತರು. ಬಂಡೆಯಿಂದ ತಾನಾಗಿ ಬಿಟ್ಟ ಚಕ್ಕೆಗಳನ್ನು ಮಾತ್ರ ತೆಗೆಯಬೇಕು, ಹುಲ್ಲಿನೊಳಗಿನ ಕಲ್ಲು ಮುಟ್ಟಬಾರದು ಎಂದು ನಾನು ನಿಯಮ ಮಾಡಿದ್ದೆ. ಪ್ರತಿ ಚಕ್ಕೆಯನ್ನೂ ಎತ್ತಿ ಅಡಿಯಲ್ಲಿ ಇಣುಕುತ್ತಿದ್ದೆ.

"ಕಪ್ಪೆಗೆ ನೋಟಿಸ್ ಕೊಟ್ಟಾಯ್ತಾ ಮೇಡಂ?" ಎಂದು ಜಯಪ್ರಕಾಶ್ ಕೇಳುತ್ತಿದ್ದ.

"ಕೊಟ್ಟಾಯ್ತು. ಕಾರ್ಯದರ್ಶಿಗೂ ಕೊಡ್ಬೇಕಾ?"

"ಎಂತಕ್ಕೆ?"

"ಕೆಲಸದ ಸಮಯದಲ್ಲಿ ಬೇರೆ ಕಡೆ ನೋಡಿದ್ದಕ್ಕೆ."

ಅವನು ತಕ್ಷಣ ಬೇರೆ ಕಡೆ ನೋಡಿದ. ಅವನ ಕಿವಿ ಕೆಂಪಾದದ್ದು ಆ ಮಂಜಲ್ಲೂ ನನಗೆ ಕಂಡಿತು.

ಇಪ್ಪತ್ತೈದರಂದು ಸಮಿತಿ ಬಂತು, ಐದು ಜನ. ಅಧ್ಯಕ್ಷೆ ಅರವತ್ತರ ಹೆಂಗಸು, ಕೂದಲು ಪೂರ್ತಿ ಬಿಳಿ, ನಡಿಗೆ ನಮಗಿಂತ ಚುರುಕು. ಒರತೆಯನ್ನೂ ಆರು ದಾರಿಗಳನ್ನೂ ನೋಡಿದರು. ಹಳೆಯ ದಾರಿಗೆ ನಾವು ಅಡ್ಡ ಕಟ್ಟಿದ ಬೇಲಿಯನ್ನು ಅಲುಗಾಡಿಸಿ ನೋಡಿದರು. ಪಾದೆಯ ಬುಡಕ್ಕೆ ಬರುವಾಗ ಮಂಜು ಇಳಿಯಿತು, ಹನ್ನೆರಡು ದಿನದಲ್ಲಿ ನಾವು ನೋಡಿರದಷ್ಟು ದಟ್ಟವಾಗಿ.

"ವಾಪಸ್ ಹೋಗುದಾ ಮೇಡಂ?" ಎಂದು ಮೇದಪ್ಪ ಸಾರ್ ಕೇಳಿದರು.

"ಇಲ್ಲ. ಇದೇ ಸರಿಯಾದ ದಿನ." ಅಧ್ಯಕ್ಷೆ ಗೈಡುಗಳ ಕಡೆ ತಿರುಗಿದರು. "ನೀವ್ಯಾರೂ ಮುಂದೆ ಹೋಗಬಾರದು, ಮಾತಾಡಬಾರದು. ನಾನು ಇಲ್ಲಿಗೆ ಮೊದಲ ಸಲ ಬಂದವಳು. ನನಗೆ ದಾರಿ ಸಿಕ್ಕಿದರೆ ಎಲ್ಲರಿಗೂ ಸಿಗುತ್ತದೆ."

ಅವರು ಹೊರಟರು. ಮೊದಲ ಗುಪ್ಪೆ, ಎರಡನೆಯದು, ಹತ್ತನೆಯದು. ನಾವು ಉಸಿರು ಹಿಡಿದು ಹಿಂದೆ ನಡೆದೆವು. ಐವತ್ತರ ಹತ್ತಿರ, ಪ್ರಪಾತ ಪಕ್ಕಕ್ಕೇ ಬರುವಲ್ಲಿ, ಅವರು ನಿಂತುಬಿಟ್ಟರು. ಎಡಕ್ಕೆ ನೋಡಿದರು. ಬಲಕ್ಕೆ ನೋಡಿದರು. ಇಪ್ಪತ್ತೆರಡು ಮನೆಗಳ ಐದು ವರ್ಷ ಅವರ ಕಣ್ಣಿನ ಮೇಲೆ ನಿಂತಿತ್ತು. ಜಯಪ್ರಕಾಶನ ಬಾಯಿ ಅರ್ಧ ತೆರೆದದ್ದು ಕಂಡು ನಾನು ಅವನ ಕೈ ಹಿಡಿದು ಒತ್ತಿದೆ. ಮಾತಾಡಿದರೆ ಎಲ್ಲ ಮುಗಿಯುತ್ತಿತ್ತು.

ಅಧ್ಯಕ್ಷೆ ಕಣ್ಣು ಕಿರಿದು ಮಾಡಿದರು. "ಹಾಂ, ಅಲ್ಲಿದೆ," ಎಂದು ನಡೆದರು.

ಕೈ ಬಿಡಲು ನಾನು ಮರೆತೆ. ನೆನಪಿಸಲು ಅವನೂ ಮರೆತ.

ತುದಿಯಲ್ಲಿ ಮಂಜು ಇನ್ನೂ ದಟ್ಟವಾಗಿ ಏನೂ ಕಾಣಲಿಲ್ಲ. ಕುಳಿತವರು ಪಕ್ಕದವರಿಗೂ ಕಾಣದಷ್ಟು ಬಿಳಿ. ಆ ಬಿಳಿಯೊಳಗಿಂದ ಅಧ್ಯಕ್ಷೆಯ ಧ್ವನಿ ಬಂತು. "ಮೇದಪ್ಪನವರೇ, ಬರೆದುಕೊಳ್ಳಿ. ದಿನಕ್ಕೆ ಅರವತ್ತು ಜನ, ಗೈಡು ಕಡ್ಡಾಯ. ಒರತೆಗೆ ಪೂರ್ತಿ ಬೇಲಿ, ಕಾಟಿಗಳ ದಾರಿಗೆ ಯಾರೂ ಕಾಲಿಡುವಂತಿಲ್ಲ. ಅಕ್ಟೋಬರ್ ಒಂದಕ್ಕೆ ಸೋಣಮಲೆ ತೆರೆಯಲಿ. ಗುಪ್ಪೆ ಇಟ್ಟವರು ಜಾಣರು. ಇನ್ನು ನಾಲ್ಕೈದು ಹೆಜ್ಜೆ ದೂರ ಇಟ್ಟಿದ್ದರೆ ನಾನು ಅಲ್ಲಿಂದಲೇ ವಾಪಸಾಗುತ್ತಿದ್ದೆ."

ಗೈಡುಗಳು ಹಾಕಿದ ಕೂಗಿಗೆ ಬೆಟ್ಟ ಎರಡು ಸಲ ಉತ್ತರ ಕೊಟ್ಟಿತು. ಜತ್ತಪ್ಪಜ್ಜ ಎಲ್ಲೋ ನಗುತ್ತ ಕೆಮ್ಮುತ್ತಿದ್ದರು. ಕೆಳಗೆ ಬಂದು ಸಂಭ್ರಮಿಸುವ ತಾಳ್ಮೆ ಯಾರಿಗೂ ಇರಲಿಲ್ಲ, ನನಗಂತೂ ಹುಟ್ಟಿನಿಂದಲೇ ಇಲ್ಲ.

"ನಿಮ್ಮ ಕಣ್ಣು ಸರಿ ಇಲ್ಲದ್ದು ಒಳ್ಳೇದಾಯ್ತು," ಎಂದ ಜಯಪ್ರಕಾಶ್ ಹತ್ತಿರದಿಂದ.

"ನನ್ನ ಕಣ್ಣಿಗೆ ಎಂತದ್ದೂ ಆಗಿಲ್ಲ."

"ಮತ್ತೆ ಹತ್ತಕ್ಕೇ ನಿಂತದ್ದು?"

"ಹನ್ನೊಂದಕ್ಕೆ ನಿಮ್ಮ ಮುಖ ಕಾಣುದಿಲ್ಲ. ನನಗೆ ಅದು ಆಗುದಿಲ್ಲ."

ಅವನ ಕೈ ಮತ್ತೆ ಬಂದು ನನ್ನ ಕೈಯನ್ನು ಹುಡುಕಿತು.

"ನಾನು ತೊಂಬತ್ತು ಗುಪ್ಪೆಗೆ ಕಲ್ಲು ಹೊತ್ತದ್ದು ಅದಕ್ಕಾ?"

"ಅದಕ್ಕೇ. ಬೇಜಾರಾ?"

"ನೂರೆಂಬತ್ತು ಹೊರ್ತಿದ್ದೆ ಹೇಮಾ. ನೀನು ಐದಕ್ಕೇ ನಿಲ್ಬೇಕಿತ್ತು."

ಅವನ ಮಾತಿನಲ್ಲಿ ಮೇಡಂ ಇರಲಿಲ್ಲ, ನೀವೂ ಇರಲಿಲ್ಲ. ನನಗೆ ಅಳು ಬಂತು, ನಗುವೂ ಬಂತು. ಇಷ್ಟು ಸುಖ ನನ್ನ ಬದುಕಿನಲ್ಲಿ ಅದಕ್ಕೆ ಮೊದಲು ಬಂದಿರಲಿಲ್ಲ. ಮಂಜಿನಲ್ಲಿ ಯಾರಿಗೂ ಕಾಣುವುದಿಲ್ಲ ಎಂಬ ಧೈರ್ಯದಲ್ಲಿ ಸ್ವಲ್ಪ ಜೋರಾಗಿಯೇ ಹೇಳಿದೆ.

"ಹಾಗಾದ್ರೆ ಬರುವ ಭಾನುವಾರ ಅಮ್ಮನನ್ನು ಕರ್ಕೊಂಡು ಸುಳ್ಯಕ್ಕೆ ನಮ್ಮ ಮನೆಗೆ ಬಾ. ಕ್ರಮದಲ್ಲಿ ಹೆಣ್ಣು ಕೇಳು. ಅಪ್ಪ ಯೋಚನೆ ಮಾಡ್ಬೇಕು ಅಂದ್ರೆ ಹೆದರ್ಬೇಡ. ನಾನು ಒಪ್ಪಿ ಆಗಿದೆ."

ಬೆಟ್ಟದ ತುದಿ ಒಮ್ಮೆಲೇ ನಿಶ್ಶಬ್ದವಾಯಿತು. ಮಂಜು ಮರೆಮಾಡುವುದು ಮುಖವನ್ನು ಮಾತ್ರ, ಮಾತನ್ನಲ್ಲ ಎಂದು ನನಗೆ ಆಗ ಹೊಳೆಯಿತು.

"ಮೇದಪ್ಪನವರೇ," ಅಧ್ಯಕ್ಷೆಯ ಧ್ವನಿ ಬಂತು, "ಇದನ್ನೂ ಬರೆದುಕೊಂಡಿರಾ?"

"ಬರೆದುಕೊಂಡೆ ಮೇಡಂ," ಎಂದರು ಮೇದಪ್ಪ ಸಾರ್ ಗಂಭೀರವಾಗಿ. "ಆದರೆ ಹೇಮಶ್ರೀ, ಇನ್ನು ಮುಂದೆ ಚೆಕ್‌ಪೋಸ್ಟಿನಲ್ಲಿ ಇವನ ಗುಂಪಿನ ಪಾಸು ನೀನು ನೋಡುವ ಹಾಗಿಲ್ಲ. ಬೇರೆಯವರು ನೋಡ್ತಾರೆ."

"ಪಾಸು ಬೇರೆಯವರು ನೋಡ್ಲಿ ಸಾರ್," ಎಂದೆ ನಾನು. "ಇವರನ್ನು ನಾನು ನೋಡಿಕೊಳ್ತೇನೆ."