ಎಂಟು ಬಟ್ಟಲಿನ ಸುಳ್ಳು

"ಅಯ್ಯೋ! ಸಾವು!"

ಅವಳು ಕಿರುಚಿದ ರಭಸಕ್ಕೆ ಊಟದ ಮೇಜಿನ ಸುತ್ತ ಕೂತಿದ್ದವರೆಲ್ಲ ಬೆಚ್ಚಿಬಿದ್ದರು.

ಕಾರ್ಡು ತಿರುಗಿಸಿದವನು ಅವಳ ಎದುರಿಗೇ ಕೂತಿದ್ದ. ಉಗುರಿನ ಸಂದಿಯಲ್ಲಿ ಗ್ರೀಸಿನ ಕಪ್ಪು, ಜೇಬಿನಲ್ಲಿ ಟೆಸ್ಟರ್. ಕೈಯಲ್ಲಿದ್ದ ಕಾರ್ಡನ್ನು ಹಾವು ಮುಟ್ಟಿದವನಂತೆ ಮೇಜಿನ ಮೇಲೆ ಬಿಟ್ಟುಬಿಟ್ಟ. ಬಿಳಿ ಕುದುರೆಯ ಮೇಲೆ ಕೂತ ಅಸ್ಥಿಪಂಜರ ಅವಳನ್ನೇ ನೋಡುತ್ತಿತ್ತು.

"ನಾನೇನೂ ಮಾಡಿಲ್ಲಾರೀ... ಕಲಸಿ ಕೊಟ್ಟಿದ್ದು ನೀವೇ!"

"ತೆಗೆದಿದ್ದು ನೀವು ತಾನೇ? ಎಪ್ಪತ್ತೆಂಟು ಕಾರ್ಡಲ್ಲಿ ನಿಮಗೆ ಇದೇ ಸಿಕ್ಕಿತಾ?"

ಇಬ್ಬರ ಕಣ್ಣೂ ಒಂದಕ್ಕೊಂದು ಅಂಟಿಕೊಂಡವು. ಅವಳ ಕಣ್ಣಲ್ಲಿ ಬೆಂಕಿ. ಅವನ ಕಣ್ಣಲ್ಲಿ ಗಾಬರಿ... ಅದರ ಹಿಂದೆ ಸಣ್ಣದೊಂದು ನಗು!

"ಕೂತ್ಕೊಳ್ಳಮ್ಮಾ," ಎಂದರು ನರ್ಸಮ್ಮ. ಆಸ್ಪತ್ರೆಯಿಂದ ನಿವೃತ್ತರಾದ ಮೇಲೆ ತಮ್ಮ ಊಟದ ಮನೆಯಲ್ಲೇ ಪ್ರತಿ ಶನಿವಾರ ಸಂಜೆ ಭವಿಷ್ಯ ಹೇಳುವ ಟ್ಯಾರೋ ಕಾರ್ಡು ಓದುವುದನ್ನು ಹೇಳಿಕೊಡುತ್ತಿದ್ದವರು ಅವರು. "ಮೂವತ್ತೈದು ವರ್ಷ ನಿಜವಾದ ಸಾವು ನೋಡಿದ್ದೀನಿ. ಅದು ಕಾರ್ಡಲ್ಲಿ ಹೇಳಿ ಕಳಿಸಿ ಬರಲ್ಲ. ಈ ಚಿತ್ರದ ಅರ್ಥ ಇಷ್ಟೇ, ನಿನ್ನ ಬದುಕಲ್ಲಿ ಏನೋ ಒಂದು ಮುಗಿದುಹೋಗಿದೆ. ನೀನಿನ್ನೂ ಒಪ್ಪಿಕೊಂಡಿಲ್ಲ."

ಅವಳು ಬೆರಳಿನ ಉಂಗುರವನ್ನು ತಿರುಗಿಸುತ್ತಾ ಕೂತಳು.

ಅವಳು ಈ ತರಗತಿಗೆ ಸೇರಿದ್ದೇ ಒಂದೇ ಒಂದು ಪ್ರಶ್ನೆ ಕೇಳುವುದಕ್ಕೆ. ಹಡಗಿನಲ್ಲಿ ಅಡುಗೆ ಕೆಲಸಕ್ಕೆ ಹೋದವನು, ನಿಶ್ಚಿತಾರ್ಥದ ಉಂಗುರ ತೊಡಿಸಿ ಹೋದವನು, ಎರಡು ವರ್ಷದಿಂದ ಒಂದು ಸುದ್ದಿಯನ್ನೂ ಕಳಿಸದವನು... ವಾಪಸ್ ಬರುತ್ತಾನಾ?

*

ಅವಳಿಗೆ ಇಪ್ಪತ್ತೊಂಬತ್ತು. ಸೋದರಮಾವನ ಕನ್ನಡಕದ ಅಂಗಡಿಯಲ್ಲಿ ಕೆಲಸ. ಗಾಜಿನ ಅಂಚನ್ನು ಚಕ್ರಕ್ಕೆ ಹಿಡಿದು ಫ್ರೇಮಿನ ಅಳತೆಗೆ ತೇಯುವುದರಲ್ಲಿ ಅವಳನ್ನು ಮೀರಿಸುವವರು ಆ ಬೀದಿಯಲ್ಲೇ ಇರಲಿಲ್ಲ. ಅಷ್ಟು ಜನರ ಕಣ್ಣು ಸರಿಮಾಡುವ ಅವಳಿಗೆ ತನ್ನ ನಾಳೆ ಮಾತ್ರ ಕಾಣುತ್ತಿರಲಿಲ್ಲ.

ಆ ಗ್ರೀಸಿನ ಉಗುರಿನವನು ಲಿಫ್ಟ್ ರಿಪೇರಿ ಮಾಡುವವನು. ಎರಡನೇ ವಾರ ನರ್ಸಮ್ಮ ಅವರಿಬ್ಬರನ್ನೇ ಜೋಡಿ ಮಾಡಿ ಕೂರಿಸಿದಾಗ ಅವಳು ಮುಖ ಸಿಂಡರಿಸಿದಳು.

"ಕನ್ನಡಕದವರೇ, ಇವತ್ತು ನೀವೇ ತೆಗೀರಿ. ನನಗೆ ಸಾವು ಬಂದ್ರೂ ಪರವಾಗಿಲ್ಲ, ನಾನು ಕಿರುಚಲ್ಲ," ಎಂದ.

ಬೇಡವೆಂದರೂ ಅವಳಿಗೆ ನಗು ಬಂತು.

ನರ್ಸಮ್ಮನ ಪಾಠ ಸರಳ. "ಮೊದಲು ಪುಸ್ತಕ ಮುಚ್ಚಿ. ಚಿತ್ರದಲ್ಲಿ ಏನು ಕಾಣುತ್ತೆ ಅದನ್ನ ಹೇಳಿ. ಬಟ್ಟಲು ಬಂದ್ರೆ ಮನಸ್ಸಿನ ವಿಷಯ, ಖಡ್ಗ ಬಂದ್ರೆ ಯೋಚನೆ. ಕೋಲು ಅಂದ್ರೆ ಹುಮ್ಮಸ್ಸು, ನಾಣ್ಯ ಅಂದ್ರೆ ದುಡಿಮೆ. ಉಳಿದಿದ್ದನ್ನ ಕಣ್ಣು ಹೇಳುತ್ತೆ."

ಅವಳು ತಪ್ಪಿದಾಗ ಅವನು ತಿದ್ದುತ್ತಿದ್ದ. ಅವನು ತಪ್ಪಿದಾಗ ಅವಳು ಬಿಡುತ್ತಿರಲಿಲ್ಲ. ತಲೆಕೆಳಗಾದ ಕಾರ್ಡನ್ನು ಓದಲು ಅವನು ತಾನೇ ಕತ್ತು ವಾಲಿಸಿದಾಗ ಇಡೀ ಮೇಜು ಬಿದ್ದು ಬಿದ್ದು ನಕ್ಕಿತು.

"ನಿಮಗ್ಯಾಕ್ರೀ ಈ ಹುಚ್ಚು? ಲಿಫ್ಟು ಕೆಡೋದನ್ನ ಮುಂಚೆನೇ ತಿಳ್ಕೊಳ್ಳೋಕಾ?" ಒಂದು ದಿನ ಮೆಟ್ಟಿಲಿಳಿಯುವಾಗ ಅವಳು ಕೇಳಿದಳು.

ಅವನ ಮುಖದ ನಗು ಮೆಲ್ಲಗೆ ಇಳಿಯಿತು.

"ನಮ್ಮಕ್ಕ ಓದ್ತಿದ್ಲು. ದಿನಾ ಬೆಳಗ್ಗೆ ಮನೆಯವರಿಗೆಲ್ಲ ಒಂದೊಂದು ಕಾರ್ಡು ತೆಗೆದು ಹೇಳೋಳು. ಹೋದ ವರ್ಷ ಲಕ್ವ ಹೊಡೀತು. ಬಲಗೈ ಹೋಯ್ತು, ಮಾತು ಹೋಯ್ತು. ಆದ್ರೂ ಬೆಳಗ್ಗೆ ಆದ್ರೆ ಎಡಗೈಯಲ್ಲಿ ಒಂದು ಕಾರ್ಡು ತೆಗೆದು ನನ್ನ ಮುಂದೆ ತಳ್ತಾಳೆ. ಓದು ಅಂತ. ನಾನು ಬಾಯಿಗೆ ಬಂದಿದ್ದು ಹೇಳಿದ್ರೆ ಅವಳಿಗೆ ಗೊತ್ತಾಗುತ್ತೆ, ತಲೆ ಚಚ್ಕೋತಾಳೆ..." ಅವನು ನಕ್ಕ. ಕಣ್ಣು ಮಾತ್ರ ನಗಲಿಲ್ಲ. "ನೀವ್ಯಾಕೆ ಬಂದ್ರಿ?"

ಯಾರ ಹತ್ತಿರವೂ ಹೇಳದ್ದನ್ನು ಅವಳು ಆ ಮೆಟ್ಟಿಲ ಮೇಲೆ ನಿಂತು ಅವನಿಗೆ ಹೇಳಿಬಿಟ್ಟಳು. ಉಂಗುರ, ಹಡಗು, ಎರಡು ವರ್ಷ... ಎಲ್ಲ. ಹೇಳುತ್ತಾ ಹೇಳುತ್ತಾ ಕಣ್ಣು ತುಂಬಿ ಬಂತು.

"ಒಂದೇ ಒಂದು ಸಲ ಯಾರಾದ್ರೂ 'ಬರ್ತಾನೆ ಕಣೇ' ಅಂತ ಹೇಳಿದ್ರೆ ಸಾಕು ಅನ್ಸುತ್ತೆ..."

ಅವಳು ಅತ್ತು ಮುಗಿಸುವವರೆಗೂ ಅವನು ಎರಡು ಮೆಟ್ಟಿಲು ಕೆಳಗೆ ನಿಂತೇ ಇದ್ದ.

*

ಆಮೇಲೊಂದು ಮಧ್ಯಾಹ್ನ ಅವನು ಅಂಗಡಿಗೇ ಬಂದ.

"ಕಾರ್ಡಿನ ಸಣ್ಣ ಚಿತ್ರ ಮಸುಕಾಗ್ತಿದೆ. ಒಂದು ಕನ್ನಡಕ ಬೇಕಿತ್ತು."

ಮಾವ ಪರೀಕ್ಷೆ ಮಾಡಿ ಪವರ್ ಬರೆದರು. ಎರಡು ಕಣ್ಣಿನ ಪಾಪೆಗಳ ನಡುವಿನ ಅಂತರ ಅಳೆಯುವುದು ಅವಳ ಕೆಲಸ. ಸಾವಿರ ಸಲ ಮಾಡಿದ ಕೆಲಸ! ಪುಟ್ಟ ಸ್ಕೇಲನ್ನು ಅವನ ಮೂಗಿನ ಮೇಲಿಟ್ಟು, ಮುಖಕ್ಕೆ ಮುಖ ಕೊಟ್ಟು ಕೂತಳು.

"ಅಲುಗಾಡಬೇಡಿ. ನನ್ನ ಕಣ್ಣನ್ನೇ ನೋಡಿ."

ಅವನು ನೋಡಿದ.

ಅವನ ಉಸಿರು ಅವಳ ಬೆರಳಿಗೆ ತಾಗುತ್ತಿತ್ತು. ಕಂದು ಕಣ್ಣು, ಎಡಗಡೆಯದರಲ್ಲಿ ಸಾಸಿವೆಯಷ್ಟು ಒಂದು ಮಚ್ಚೆ... ಅಯ್ಯೋ, ಅಳತೆ ಎಷ್ಟಿತ್ತು?

"ಎಷ್ಟು ಬಂತಮ್ಮಾ?" ಒಳಗಿಂದ ಮಾವ ಕೂಗಿದರು.

"ಅ... ಅರವತ್ನಾಲ್ಕು!"

ಅವನು ಹೋದ ಮೇಲೆ ಮಾವ ಮೀಸೆಯಲ್ಲೇ ನಕ್ಕರು. "ಶನಿವಾರ ಬಂದ್ರೆ ನಿನ್ನ ಮುಖದ ಪವರ್ರೇ ಬದಲಾಗುತ್ತೆ ಅಂದ್ಕೊಂಡಿದ್ದೆ. ಇವತ್ತು ಬುಧವಾರ ಕಣಮ್ಮಾ!"

"ಸುಮ್ನಿರಿ ಮಾವ!" ಎಂದಳು. ಕಿವಿಯವರೆಗೂ ಕೆಂಪಾಗಿದ್ದಳು.

ಹಡಗಿನವನು ಆ ವಾರವಿಡೀ ಅವಳಿಗೆ ನೆನಪೇ ಆಗಲಿಲ್ಲ. ನೆನಪಾಗಲಿಲ್ಲ ಎಂಬುದೂ ಅವಳಿಗೆ ನೆನಪಾಗಲಿಲ್ಲ.

*

ಎಂಟನೇ ವಾರ. ಎಲ್ಲರೂ ತಮ್ಮ ಜೋಡಿಗೆ ಮೂರು ಕಾರ್ಡಿನ ಓದು ಓದಬೇಕು. ನಿನ್ನೆ, ಇವತ್ತು, ನಾಳೆ. ಪ್ರಶ್ನೆಯನ್ನು ಬಾಯಿಬಿಟ್ಟು ಹೇಳಬೇಕಿಲ್ಲ, ಕಲಸುವಾಗ ಮನಸ್ಸಿನಲ್ಲಿ ಅಂದುಕೊಂಡರೆ ಸಾಕು.

ಅವಳು ಕಣ್ಣು ಮುಚ್ಚಿ ಕಾರ್ಡು ಕಲಸಿದಳು. ತರಗತಿಗೆ ಹೊತ್ತು ತಂದ ಪ್ರಶ್ನೆಯನ್ನು ಅವಳು ಕೇಳಲೇ ಇಲ್ಲ.

'ಎದುರಿಗೆ ಕೂತಿದ್ದಾನಲ್ಲ... ಇವನ ಮನಸ್ಸಲ್ಲಿ ನಾನಿದ್ದೀನಾ?'

ಅವನು ಹೊಸ ಕನ್ನಡಕ ಏರಿಸಿ ಒಂದೊಂದೇ ಕಾರ್ಡು ತಿರುಗಿಸಿದ. ಆರು ಬಟ್ಟಲು, ಹಳೆಯ ನೆನಪು. ಎರಡು ಖಡ್ಗ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕೂತ ಹೆಣ್ಣು. ಕೊನೆಯದು ಎಂಟು ಬಟ್ಟಲು. ಬಟ್ಟಲುಗಳನ್ನೆಲ್ಲ ಬಿಟ್ಟು, ನಮಗೆ ಬೆನ್ನು ಹಾಕಿ, ಬೆಟ್ಟದ ಕಡೆ ನಡೆದುಹೋಗುತ್ತಿರುವ ಒಬ್ಬ ಮನುಷ್ಯ.

ಅವನು ಬಹಳ ಹೊತ್ತು ಆ ಕಾರ್ಡನ್ನೇ ನೋಡಿದ. ಆಮೇಲೆ ಕನ್ನಡಕ ತೆಗೆದು ಮಡಚಿಟ್ಟ.

"ಬರ್ತಾರೆ," ಎಂದ.

"ಏನು?"

"ನೀವು ಕಾಯ್ತಿರೋರು. ನಡ್ಕೊಂಡು ಬರ್ತಿದ್ದಾರೆ ನೋಡಿ. ವಾಪಸ್ ಬಂದೇ ಬರ್ತಾರೆ, ಚಿಂತೆ ಮಾಡ್ಬೇಡಿ." ಅವನ ದನಿ ಒಣಗಿತ್ತು. "ನಿಮಗೆ ಬೇಕಾದ ಉತ್ತರ ಸಿಕ್ತಲ್ಲ ಕನ್ನಡಕದವರೇ... ಇನ್ನು ಕಾರ್ಡಿನ ಅಗತ್ಯ ಏನಿದೆ ನಿಮಗೆ?"

ಅವಳು ಮೇಜಿನ ಮೇಲಿನ ಕಾರ್ಡನ್ನು ಮತ್ತೊಮ್ಮೆ ನೋಡಿದಳು.

ಬೆನ್ನು ಹಾಕಿ ಹೋಗುತ್ತಿರುವವನನ್ನು ಬರುತ್ತಿದ್ದಾನೆ ಎನ್ನುತ್ತಾನೆ! ಚಿಕ್ಕ ಮಗುವಿಗೂ ಕಾಣುವುದು ಇವನಿಗೆ ಕಾಣಲಿಲ್ಲವಾ? ಕಂಡಿದೆ. ಕಂಡೇ ಸುಳ್ಳು ಹೇಳುತ್ತಿದ್ದಾನೆ. ಯಾಕೆ? ನನ್ನ ಕಣ್ಣಲ್ಲಿ ಇದ್ದಿದ್ದು ಇವನಿಗೆ ಗೊತ್ತಾಗಿಹೋಯಿತು. 'ಬೇರೆಯವನ ದಾರಿ ಕಾಯಿ, ನನ್ನ ತಂಟೆಗೆ ಬರಬೇಡ' ಅಂತ ನಯವಾಗಿ ಸಾಗಹಾಕುತ್ತಿದ್ದಾನೆ...

"ಥ್ಯಾಂಕ್ಸ್," ಎಂದಳು. ಚೀಲ ಎತ್ತಿಕೊಂಡು ಎದ್ದು ಹೋದಳು. ತಿರುಗಿ ನೋಡಲಿಲ್ಲ.

ಮುಂದಿನ ಶನಿವಾರ ರೋಷ ನುಂಗಿಕೊಂಡು ಹೋದಳು. ಎದುರಿನ ಕುರ್ಚಿ ಖಾಲಿ. ಅದರ ಮುಂದಿನ ವಾರವೂ ಖಾಲಿ. ಅದರ ಮುಂದಿನದೂ...

*

ಒಂದು ತಿಂಗಳಾಯಿತು. ಯಾವ ಕಟ್ಟಡಕ್ಕೆ ಹೋದರೂ ಅವಳ ಕಾಲು ಲಿಫ್ಟಿನ ಮುಂದೆ ನಿಲ್ಲುತ್ತಿತ್ತು. ಒಳಗೆ ಅಂಟಿಸಿದ ತಪಾಸಣೆಯ ಚೀಟಿಯಲ್ಲಿ ಅವನ ವಕ್ರ ಸಹಿ ಇದೆಯಾ ಎಂದು ಹುಡುಕುತ್ತಿದ್ದಳು. ಒಂದು ಕಡೆ ಸಿಕ್ಕಿತು. ಬೆರಳಿನಿಂದ ಸವರಿ, ಇಳಿಯಬೇಕಾದ ಮಹಡಿಯನ್ನೇ ಮರೆತು ಮೇಲಕ್ಕೆ ಹೋಗಿಬಿಟ್ಟಳು!

ಅಂಗಡಿಯಲ್ಲಿ ಒಂದೇ ವಾರಕ್ಕೆ ಮೂರು ಗಾಜು ಹಾಳಾದವು.

"ಯಾರ ಮೇಲಿನ ಸಿಟ್ಟನ್ನ ಗಾಜಿನ ಮೇಲೆ ತೀರಿಸ್ತಿದ್ದೀಯಮ್ಮಾ?" ಮಾವ ಮೆಲ್ಲಗೆ ಕೇಳಿದರು.

ಅವಳು ಇನ್ನೊಂದು ಗಾಜು ಎತ್ತಿಕೊಂಡು ಚಕ್ರಕ್ಕೆ ಹಿಡಿದಳು. ಬಾಯಿ ತೆರೆದರೆ ಅತ್ತುಬಿಡುತ್ತಿದ್ದಳು.

ಹಾಗಿರುವಾಗ ಒಂದು ಬೆಳಗ್ಗೆ ಅಂಗಡಿಯ ಬಾಗಿಲಲ್ಲಿ ಹಡಗಿನವನು ಬಂದು ನಿಂತ!

"ಹೇಗಿದ್ದೀಯಾ? ಕೋಪಾನಾ?"

ಸ್ವಲ್ಪ ದಪ್ಪಗಾಗಿದ್ದ. ಅದೇ ನಗು. ಈ ಗಳಿಗೆಗೆಂದು ಅವಳು ಎರಡು ವರ್ಷದಿಂದ ಎಷ್ಟು ಮಾತು ಜೋಡಿಸಿಟ್ಟಿದ್ದಳು! ಈಗ ಒಂದೂ ನಾಲಿಗೆಗೆ ಬರಲಿಲ್ಲ.

"ಒಂದು ಸುದ್ದೀನಾದ್ರೂ ಕಳಿಸಬಹುದಿತ್ತು," ಎಂದಳು ಕೊನೆಗೆ.

"ಏನೇನೋ ಆಯ್ತು, ಬಿಡು. ಮನಸ್ಸು ಬೇರೆ ಕಡೆ ಹೋಗಿತ್ತು. ಈಗ ಬಂದಿದ್ದೀನಲ್ಲ. ಇನ್ನು ಮದುವೆಗೆ—"

ಅಷ್ಟರಲ್ಲಿ ಬಾಗಿಲು ಕಿರ್ರೆಂದಿತು. ಅವಳು ಸರಕ್ಕನೆ ತಿರುಗಿದಳು. ಇಡೀ ಮೈಯೇ ತಿರುಗಿತು!

ಯಾರೋ ಹೆಂಗಸು. ಮುರಿದ ಫ್ರೇಮು ಹಿಡಿದು ಬಂದಿದ್ದಳು. ಲಿಫ್ಟಿನವನಲ್ಲ.

ಅವನಲ್ಲ ಎಂದು ತಿಳಿದಾಗ ಎದೆಯಲ್ಲಿ ಎದ್ದ ನೋವಿಗೆ ಅವಳೇ ಬೆರಗಾದಳು. ಎರಡು ವರ್ಷ ಕಾದವನು ಕಣ್ಣೆದುರೇ ನಿಂತಿದ್ದಾನೆ. ಅವಳ ಕಣ್ಣು ಬಾಗಿಲು ಕಾಯುತ್ತಿದೆ!

ಅವಳು ಬೆರಳಿನಿಂದ ಉಂಗುರ ಕಳಚಿ ಕೌಂಟರಿನ ಮೇಲಿಟ್ಟಳು.

"ನಿನ್ನ ಮೇಲೆ ಕೋಪ ಇಲ್ಲ," ಎಂದಳು. "ನಿಜವಾಗ್ಲೂ ಇಲ್ಲ. ಅದಕ್ಕೇ ಹೇಳ್ತಿದ್ದೀನಿ, ಹೋಗು."

*

ನರ್ಸಮ್ಮನಿಂದ ವಿಳಾಸ ಪಡೆದು ಅವನ ಮನೆಗೆ ಹೋದಾಗ ಬಾಗಿಲು ತೆರೆದೇ ಇತ್ತು. ಕಿಟಕಿಯ ಪಕ್ಕ ಗಾಲಿಕುರ್ಚಿಯಲ್ಲಿ ಅವನ ಅಕ್ಕ. ಬಂದವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಎಡಗೈಯಿಂದ ಸ್ಲೇಟಿನ ಮೇಲೆ ಸೊಟ್ಟಸೊಟ್ಟಗೆ ಬರೆದಳು.

'ಕನ್ನಡಕ?'

"ಹೂಂ ಅಕ್ಕ... ನಿಮಗೆ ಹೇಗೆ ಗೊತ್ತು?"

ಅಕ್ಕ ಒರೆಸಿ ಮತ್ತೆ ಬರೆದಳು. 'ದಿನಾ ನಿನಗೂ ಒಂದು ಕಾರ್ಡು ತೆಗೀತಾನೆ. ಅವಳು ಸುಖವಾಗಿದ್ದಾಳಾ ಅಂತ.'

ಅವಳು ಗಾಲಿಕುರ್ಚಿಯ ಪಕ್ಕ ನೆಲದ ಮೇಲೆ ಕೂತಳು. ಅಕ್ಕ ಅವಳ ತಲೆಯ ಮೇಲೆ ಕೈಯಿಟ್ಟಳು, ಆಮೇಲೆ ಸ್ಲೇಟಿನ ಅಂಚಿನಿಂದಲೇ ಮೆಲ್ಲಗೆ ಕುಟ್ಟಿದಳು. ಹೊಸದಾಗಿ ಬರೆದಿದ್ದಳು.

'ಹೆದರುಪುಕ್ಕಲ. ಹೊಸ ಆಫೀಸು ಕಟ್ಟಡ. ಹತ್ತನೇ ಮಹಡಿ. ಹೋಗು!'

*

ಕೆಟ್ಟ ಲಿಫ್ಟನ್ನು ರಿಪೇರಿ ಮಾಡುವವನ ಹತ್ತಿರ ಲಿಫ್ಟಿನಲ್ಲಿ ಹೋಗಲಾಗುತ್ತದಾ? ಹತ್ತು ಮಹಡಿಯನ್ನೂ ಅವಳು ಹತ್ತಿದಳು. ಮೇಲೆ ತಲುಪಿದಾಗ ಉಸಿರು ಸಿಕ್ಕದೆ ಗೋಡೆ ಹಿಡಿದು ನಿಂತಳು. ಲಿಫ್ಟಿನ ಬಾಗಿಲು ತೆರೆದಿತ್ತು. ಅಡ್ಡ ಕಟ್ಟಿದ ಹಗ್ಗದಾಚೆ, ಮಹಡಿಗಿಂತ ಒಂದಾಳು ಕೆಳಗೆ, ಲಿಫ್ಟಿನ ನೆತ್ತಿಯ ಮೇಲೆ ಟಾರ್ಚು ಹಿಡಿದು ಅವನು ಕೂತಿದ್ದ.

"ಲಿಫ್ಟಿನವರೇ!"

ಅವನು ತಲೆಯೆತ್ತಿದ. ಮುಖದ ಬಣ್ಣ ಇಳಿದುಹೋಯಿತು.

"ನೀವು... ಇಲ್ಲಿ? ಅವರು... ಬಂದ್ರಂತೆ, ನರ್ಸಮ್ಮ ಹೇಳಿದ್ರು."

"ಬಂದಿದ್ರು. ಹೋದ್ರು. ನಾನೇ ಕಳಿಸಿದೆ." ಅವಳ ದನಿ ಮೇಲೇರಿತು. "ಒಂದು ಮಾತು ಹೇಳಿ. ಎಂಟು ಬಟ್ಟಲು ಓದೋಕೆ ನಿಮಗೆ ಬರಲ್ವಾ, ಇಲ್ಲಾ ಬೇಕಂತಲೇ ಸುಳ್ಳು ಹೇಳಿದ್ರಾ?"

ಅವನು ಟಾರ್ಚು ಕೆಳಗಿಟ್ಟು, ಇನ್ನೊಂದು ಕೈಯಲ್ಲಿದ್ದ ಸ್ಪ್ಯಾನರನ್ನು ಬಟ್ಟೆಯಿಂದ ಒರೆಸತೊಡಗಿದ.

"ಬರುತ್ತೆ," ಎಂದ ಅವನು, ತಲೆ ತಗ್ಗಿಸಿ. "ಆವತ್ತು ಮೆಟ್ಟಿಲ ಮೇಲೆ ನೀವು ಅತ್ರಲ್ಲ... ಒಂದು ಸಲ ಯಾರಾದ್ರೂ 'ಬರ್ತಾನೆ' ಅಂದ್ರೆ ಸಾಕು ಅಂದ್ರಿ. ಆ ಕಾರ್ಡು ನೋಡಿ ನಿಜ ಹೇಳೋಕೆ ನನಗೆ ಬಾಯೇ ಬರ್ಲಿಲ್ಲ. ಹೇಳಿದ್ದು ಸುಳ್ಳೇ. ಆಮೇಲೆ ನಿಮ್ಮ ಎದುರು ಕೂರೋಕೆ ಆಗ್ಲಿಲ್ಲ. ನೀವು ಖುಷಿಯಾಗಿ ಅವರ ವಿಷಯ ಹೇಳಿದ್ರೆ ಕೇಳಿಸ್ಕೊಳ್ಳೋ ಅಷ್ಟು ಒಳ್ಳೆಯವನಲ್ಲ ನಾನು."

"ನಾನು ಆವತ್ತು ಅವರ ವಿಷಯ ಕೇಳಲೇ ಇಲ್ಲ!" ಅವಳು ಅಳುತ್ತಲೇ ಕೂಗಿದಳು. "ನಿಮ್ಮ ಮನಸ್ಸಲ್ಲಿ ನಾನಿದ್ದೀನಾ ಅಂತ ಕೇಳಿದ್ದೆ. ನೀವು... ನೀವು ಬೇರೆ ಯಾರನ್ನೋ ಕರ್ಕೊಂಡು ಬಂದ್ರಿ!"

ಅವನ ಕೈಯಿಂದ ಸ್ಪ್ಯಾನರ್ ಜಾರಿತು. ಆ ಕತ್ತಲ ಬಾವಿಯೊಳಗೆ ಠಣ್... ಠಣ್... ಎಂದು ಹತ್ತೂ ಮಹಡಿ ಇಳಿದು ಹೋಯಿತು.

"ಅಯ್ಯಯ್ಯೋ! ಕೆಳಗೆ ಯಾರಾದ್ರೂ ಇದ್ದಾರಾ?"

"ಯಾರೂ ಇಲ್ಲ, ಬಾಗಿಲಿಗೆಲ್ಲ ಬೀಗ ಹಾಕಿದ್ದೀನಿ..." ಅವನು ಏಣಿ ಹಿಡಿದು ಮೇಲೆ ಬಂದ. ಸುರಕ್ಷತೆಗೆಂದು ಸೊಂಟಕ್ಕೆ ಬಿಗಿದಿದ್ದ ಪಟ್ಟಿ ಬಿಚ್ಚಿಟ್ಟ. ಅವಳೆದುರು ನಿಂತು ಅವಳ ಕಣ್ಣನ್ನೇ ನೋಡಿದ. "ಇನ್ನೊಂದು ಸಲ ಕೇಳ್ತೀರಾ? ಈಗ ಸುಳ್ಳು ಹೇಳಲ್ಲ."

"ನಿಮ್ಮ ಮನಸ್ಸಲ್ಲಿ ನಾನಿದ್ದೀನಾ?"

"ಇದ್ದೀಯಾ," ಎಂದ. 'ನೀವು' ಎಂಬುದು ಅವನ ಬಾಯಿಂದ ತಾನಾಗಿಯೇ ಬಿದ್ದುಹೋಗಿತ್ತು. "ಮೊದಲನೇ ದಿನ ಕಿರುಚಿದೆಯಲ್ಲ... ಆವತ್ತಿಂದ."

ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ ಅವಳಿಗೇ ತಿಳಿಯಲಿಲ್ಲ. ಅವನು ಕಣ್ಣೊರೆಸಲು ಕೈ ಎತ್ತಿದ, ಗ್ರೀಸು ನೋಡಿ ಹಿಂದೆಗೆದ. ಅವಳು ಆ ಕೈಯನ್ನು ಹಾಗೇ ಹಿಡಿದು ಕೆನ್ನೆಗೆ ಒತ್ತಿಕೊಂಡಳು.

"ಕೆಲಸ ಮುಗೀತು. ಒಂದು ಗುಂಡಿ ಒತ್ತಿದ್ರೆ ಓಡುತ್ತೆ," ಎಂದ ಅವನು ಸ್ವಲ್ಪ ಹೊತ್ತಾದ ಮೇಲೆ. "ಬಾ, ಕೆಳಗೆ ಬಿಡ್ತೀನಿ. ಇಪ್ಪತ್ತೇ ಸೆಕೆಂಡು."

ಅವಳು ತಲೆಯಾಡಿಸಿದಳು.

"ಬೇಡ. ಮೆಟ್ಟಿಲಲ್ಲೇ ಹೋಗೋಣ."

"ಹತ್ತು ಮಹಡಿ! ಕಾಲು ನೋಯಲ್ವಾ ನಿನಗೆ?"

"ನೋಯುತ್ತೆ," ಎಂದಳು ಅವಳು, ಅವನ ಬೆರಳಿಗೆ ಬೆರಳು ಹೆಣೆಯುತ್ತಾ. "ಅದಕ್ಕೇ... ನಿಧಾನಕ್ಕೆ ಇಳಿಯೋಣ. ಇಪ್ಪತ್ತು ಸೆಕೆಂಡು ನನಗೆ ಸಾಲಲ್ಲ ಕಣೋ."