ಗಾಳಿ ಇಲ್ಲದ ಲೆಕ್ಕ

ಕೊಟ್ಟೂರಿನ ಕಾಲೇಜಿನ ಕಂಪ್ಯೂಟರ್ ಕೋಣೆಗೆ ಹಂಪೇಶ್ ಬಂದಾಗ ಅವನ ಒಂದು ಕೈಯಲ್ಲಿ ಸಿಡಿ ಇತ್ತು, ಇನ್ನೊಂದರಲ್ಲಿ ಹಳೆಯ ಪೇಪರಿನ ಪೊಟ್ಟಣ. ಹೆಗಲ ಮೇಲೆ ಟವೆಲಿನಂತೆ ಒಂದು ಕವಣೆ ಜೋತಾಡುತ್ತಿತ್ತು.

"ನಮಸ್ಕಾರ್ರಿ ಮೇಡಂ. ನಾಳಿನ ಟ್ರೇನಿಂಗಿನ ಸಿಡಿ."

ಪರದೆಯ ಮುಂದೆ ಕುಳಿತಿದ್ದ ಉಪನ್ಯಾಸಕಿ ಕೊಟ್ರಮ್ಮ ತಲೆ ಎತ್ತಲಿಲ್ಲ. "ಅಲ್ಲಿ ಇಡ್ರಿ."

"ಸೀತನಿನೂ ಅಲ್ಲೇ ಇಡ್ಲ್ಯಾ? ಇಟ್ಟಿಗಿ ಊರಾಗ ನಮ್ಮ ಹೊಲದ ಹಸಿ ಜೋಳದ ತೆನಿ. ಮುಂಜಾನೆ ಸುಟ್ಟದ್ದು."

"ಕಂಪ್ಯೂಟರ್ ಹತ್ರ ತಿನ್ನಬಾರದು ಅಂತ ಬೋರ್ಡ್ ಐತಿ. ಓದಾಕ ಬರಂಗಿಲ್ಲೇನ್ರಿ?"

"ಬರ್ತೈತ್ರಿ. ತಿನ್ನಬಾರದು ಅಂತ ಐತಿ. ಇಡಬಾರದು ಅಂತ ಇಲ್ಲ."

ಆಗ ಅವಳು ನೋಡಿದಳು. ಅವನ ನಗು ಮೊದಲು ಕಣ್ಣಿನ ಅಂಚಿಗೆ ಬಂದು, ಅಲ್ಲೇ ಒಂದು ಗಳಿಗೆ ನಿಂತು, ಆಮೇಲೆ ತುಟಿಗೆ ಇಳಿಯುತ್ತಿತ್ತು. ಈ ನಗುವನ್ನು ಒಂದು ವರ್ಷದಿಂದ ದ್ವೇಷಿಸುತ್ತ ಬಂದಿದ್ದಳು. ಅದು ಇನ್ನೂ ಚೆಂದವಾಗಿಯೇ ಇದ್ದದ್ದು ಅವಳ ಸಿಟ್ಟನ್ನು ಇಮ್ಮಡಿ ಮಾಡಿತು.

ಹೋದ ವರ್ಷ ಹಗರಿಬೊಮ್ಮನಹಳ್ಳಿಯಲ್ಲಿ ಭೌತಶಾಸ್ತ್ರ ಉಪನ್ಯಾಸಕರಿಗೆಲ್ಲ ತರಬೇತಿ ನಡೆದಿತ್ತು. ಕೆಲಸಕ್ಕೆ ಹೊಸದಾಗಿ ಸೇರಿದ್ದ ಕೊಟ್ರಮ್ಮ ಅಲ್ಲಿ ಒಂದು ಸಿಮ್ಯುಲೇಶನ್ ತೋರಿಸಿದ್ದಳು. ಪರದೆಯ ಮೇಲೆ ಒಂದು ಸಣ್ಣ ಫಿರಂಗಿ. ವೇಗ, ಕೋನ ಹಾಕಿ ಬಟನ್ ಒತ್ತಿದರೆ ಗುಂಡು ಕಮಾನಿನಂತೆ ಹಾರಿ ಬೀಳುತ್ತಿತ್ತು, ಎಷ್ಟು ದೂರ ಎಂದು ಕೆಳಗೆ ಬರುತ್ತಿತ್ತು. ಪರದೇಶದ ಯಾವುದೋ ವಿಶ್ವವಿದ್ಯಾಲಯದವರು ವೆಬ್‌ಸೈಟಿನಲ್ಲಿ ಪುಕ್ಕಟೆ ಇಟ್ಟಿದ್ದು. ಕೊಟ್ಟೂರಿನ ಸೈಬರ್ ಕೆಫೆಯಲ್ಲಿ ಲೈನ್ ಕಟ್ಟಾದಾಗಲೆಲ್ಲ ಮತ್ತೆ ಮೊದಲಿನಿಂದ ಶುರು ಮಾಡಿ ಅದನ್ನು ಇಳಿಸಿಕೊಂಡಿದ್ದಳು. ಲ್ಯಾಬಿನಲ್ಲಿ ಮುರಿದ ಸ್ಟ್ಯಾಂಡು, ತುಕ್ಕು ಹಿಡಿದ ಸ್ಪ್ರಿಂಗು ಬಿಟ್ಟರೆ ಬೇರೇನೂ ಇಲ್ಲದ ಕಾಲೇಜುಗಳಿಗೆ ಇದು ಬಂದರೆ ಎಷ್ಟು ಅನುಕೂಲ ಎಂದು ಅವಳ ಆಸೆ.

ಆಗ ಹಿಂದಿನ ಬೆಂಚಿನಿಂದ ಹಡಗಲಿಯ ಕಾಲೇಜಿನ ಈ ಹಂಪೇಶ್ ಎದ್ದು ನಿಂತಿದ್ದ. "ಮೇಡಂ, ಇದ್ರಾಗ ಗಾಳಿನೇ ಇಲ್ಲಲ್ರಿ? ನೀವು ಯಾವತ್ತರ ಹೊಲದಾಗ ನಿಂತು ಕವಣಿ ಬೀಸೀರೇನು?"

ಸಭೆ ಗೊಳ್ಳೆಂದಿತು.

ಕೊಟ್ರಮ್ಮ ಬೀಸಿದ್ದಳು. ಉಜ್ಜಿನಿಯಲ್ಲಿ ಅಜ್ಜನ ಜೋಳದ ಹೊಲದ ಅಟ್ಟಣಿಗೆಯ ಮೇಲೆ, ತೊಡೆಯ ಮೇಲೆ ಪಠ್ಯಪುಸ್ತಕ, ಕೈಯಲ್ಲಿ ಕವಣೆ. ಹಕ್ಕಿ ಓಡಿಸುತ್ತಲೇ ಹತ್ತನೆಯ ತರಗತಿ ಮುಗಿಸಿದವಳು. ಅದನ್ನು ಹೇಳಲಾಗದೆ ನಿಂತದ್ದೇ ಅವಳಿಗೆ ನಗುವಿಗಿಂತ ಹೆಚ್ಚು ಚುಚ್ಚಿತ್ತು. ಅಂದಿನಿಂದ ಅವಳ ಹೆಸರು ಗಾಳಿ ಮೇಡಂ. ಬಸ್ಸಿನಲ್ಲಿ, ಮೌಲ್ಯಮಾಪನದಲ್ಲಿ, ಮದುವೆ ಮನೆಯಲ್ಲಿ, ಎಲ್ಲಿ ಯಾರು ಸಿಕ್ಕರೂ ಅದೇ.

"ನೀವೂ ಅದೇ ಪ್ರೋಗ್ರಾಂ ತೋರಿಸ್ತೀರಂತ?" ಎಂದಳು ಈಗ.

"ಹೂಂರಿ. ಮೊದಲು ಇದ್ರಾಗ ಲೆಕ್ಕ. ಕಲ್ಲು ಇಲ್ಲೇ ಬೀಳಬೇಕು ಅಂತ ಗ್ರೌಂಡಿನಾಗ ಒಂದು ಕೋಲು ನೆಡ್ತೀನಿ. ಆಮ್ಯಾಲೆ ಎಲ್ಲಾರ ಮುಂದ ಕವಣಿ ಬೀಸ್ತೀನಿ. ಕಡಿಮಿ ಬಿದ್ದದ್ದು ಗಾಳಿ ತಿಂದದ್ದು. ಹುಡುಗರಿಗೆ ಬಾಯಿಲೆ ಹೇಳೂದಕ್ಕಿಂತ ಚಲೋ ಅಲ್ರಿ?"

ಚಲೋ ಇತ್ತು. ತನಗೇಕೆ ಹೊಳೆಯಲಿಲ್ಲ ಎಂದು ಅವಳಿಗೆ ಅನಿಸುವಷ್ಟು ಚಲೋ ಇತ್ತು.

ಅಟೆಂಡರ್ ಉಜ್ಜಿನಪ್ಪನನ್ನು ಕರೆದುಕೊಂಡು ಅವನು ಮೊದಲೇ ಲೆಕ್ಕ ಹಾಕಿಕೊಂಡಿದ್ದ ದೂರಕ್ಕೆ ಕೋಲು ನೆಡಲು ಹೋದ. ಕೊಟ್ರಮ್ಮ ಸಿಡಿಯಲ್ಲಿದ್ದ ಆ ಪ್ರೋಗ್ರಾಮಿನ ಪುಟವನ್ನು ಕಂಪ್ಯೂಟರಿಗೆ ಹಾಕಿಕೊಂಡು ನೋಟ್‌ಪ್ಯಾಡಿನಲ್ಲಿ ತೆರೆದಳು. ಭೂಮಿ ವಸ್ತುಗಳನ್ನು ಸೆಳೆಯುವ ಸಂಖ್ಯೆ ಆ ಪುಟದ ಒಳಗೆ ಒಂದು ಸಾಲಿನಲ್ಲಿ ಅಡಗಿರುತ್ತದೆ, ಪರದೆಯ ಮೇಲೆ ಕಾಣುವುದಿಲ್ಲ. 9.8 ಅಳಿಸಿದಳು. ಚಂದ್ರನ ಸೆಳೆತ, 1.6, ಬರೆದಳು. ಸೇವ್ ಮಾಡಿದಳು.

ಆಮೇಲೆ ಪೊಟ್ಟಣ ಬಿಚ್ಚಿದಳು. ಕಿಟಕಿಯ ಆಚೆ, ಬಿಸಿಲಿನಲ್ಲಿ, ಅವನು ಅಂಗಿಯ ತೋಳು ಮಡಚಿ ಕೋಲಿನ ಬುಡಕ್ಕೆ ಕಲ್ಲು ಬಡಿಯುತ್ತಿದ್ದ. ಸೀತನಿ ರುಚಿಯಾಗಿತ್ತು. ಅದಕ್ಕೂ ಅವಳಿಗೆ ಸಿಟ್ಟು ಬಂತು.

ಮರುದಿನ ಸಭೆ ತುಂಬಿತ್ತು. ಹಂಪೇಶ್ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದಿದ್ದ. "ಈ ಪ್ರೋಗ್ರಾಂ ನನಗ ಗೊತ್ತಾಗಿದ್ದು ಕೊಟ್ರಮ್ಮ ಮೇಡಂ ಅವರಿಂದ. ಅವತ್ತು ನಾ ಕೇಳಿದ ಪ್ರಶ್ನಿಗೆ ಉತ್ತರ ಹುಡುಕಾಕ ನನಗೊಂದು ವರ್ಷ ಬೇಕಾತು," ಎಂದು ಶುರು ಮಾಡಿದ.

ಕೊಟ್ರಮ್ಮನ ಕೈ ತಾನಾಗಿ ಮೌಸಿನ ಕಡೆ ಸರಿಯಿತು. ಒಂದು ನಿಮಿಷ ಸಿಕ್ಕರೆ ಸಾಕು, ಸಂಖ್ಯೆ ಸರಿಪಡಿಸಬಹುದು.

ಅಷ್ಟರಲ್ಲಿ ಕರೆಂಟು ಹೋಗಿ ಯುಪಿಎಸ್ ಕೂಗತೊಡಗಿತು. ಕೂಡ್ಲಿಗಿ ಕಾಲೇಜಿನ ಶಿವಯೋಗಪ್ಪ ಮುಂದಿನ ಸಾಲಿನಿಂದ ಹಾಡಿದಂತೆ ಹೇಳಿದ: "ಗಾಳಿ ಮೇಡಮ್ಮಾರೇ, ಫ್ಯಾನ್ ನಿಂತೈತಿ, ಸ್ವಲ್ಪ ಗಾಳಿ ಬಿಡ್ರಿ!"

ಮತ್ತೆ ಅದೇ ನಗು. ಹಂಪೇಶ್ ಮಾತ್ರ ನಗಲಿಲ್ಲ. ಏನಿದು ಎಂಬಂತೆ ಅವಳತ್ತ ತಿರುಗಿ ನೋಡಿದ. ಅವಳು ಮೌಸಿನಿಂದ ಕೈ ತೆಗೆದಳು.

"ಒತ್ರಿ ಸರ್," ಎಂದಳು. "ಯುಪಿಎಸ್ ಬಾಳ ಹೊತ್ತು ಬರಂಗಿಲ್ಲ."

ಅವನು ಒತ್ತಿದ. ಗುಂಡು ಮೇಲೇರಿತು. ಏರುತ್ತಲೇ ಹೋಗಿ ಪರದೆಯಿಂದಾಚೆ ಮಾಯವಾಯಿತು. ನೂರಿಪ್ಪತ್ತೈದು ಮೀಟರ್ ಎಂದು ಅವನು ಕೋಲು ನೆಟ್ಟಿದ್ದರೆ, ಕೆಳಗೆ ಏಳುನೂರ ಅರವತ್ತೈದು ಎಂದು ಬಂತು.

"ಅಯ್ಯಯ್ಯೋ, ಕಲ್ಲು ಬಸ್ ಸ್ಟ್ಯಾಂಡ್ ದಾಟಿ ಹೋತಲ್ಲಪ್ಪೋ!" ಶಿವಯೋಗಪ್ಪ ತೊಡೆ ತಟ್ಟಿಕೊಂಡ. "ಬಸ್ ಸ್ಟ್ಯಾಂಡ್ ಮೇಷ್ಟ್ರೇ, ಹಡಗಲಿ ಗಾಡಿಗೆ ಬಡದೀತು, ನೋಡ್ರಿ!"

ಹಂಪೇಶ್ ಪರದೆ ನೋಡಿದ. ಕಿಟಕಿಯಾಚೆಯ ಕೋಲನ್ನು ನೋಡಿದ. ತುಟಿ ಸಣ್ಣಗೆ ಅಲುಗಿತು, ಮನಸ್ಸಿನಲ್ಲೇ ಭಾಗಿಸುತ್ತಿದ್ದ. ಆಮೇಲೆ ಕೊಟ್ರಮ್ಮನ ಕಡೆ ತಿರುಗಿದ. ಅವಳು ಕಣ್ಣು ತಪ್ಪಿಸಲಿಲ್ಲ. ಈ ಕ್ಷಣಕ್ಕಾಗಿ ಕಾದವಳು ಯಾಕೆ ತಪ್ಪಿಸಬೇಕು?

"ನಂದೇ ತಪ್ಪು," ಎಂದ ಅವನು ಸಭೆಗೆ. "ನಂಬರ್ ಸರಿಯಾಗಿ ನೋಡಲಿಲ್ಲ." ಹೋಗಿ ಕುಳಿತ.

ಗ್ರೌಂಡಿಗೆ ಹೋಗುವ ಮಾತು ಅಲ್ಲಿಗೇ ಮುಗಿಯಿತು. ಎಲ್ಲರೂ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯ ಕಡೆ ನಡೆದರು. ಕೊಟ್ರಮ್ಮನಿಗೆ ಖುಷಿಯಾಗಿತ್ತು, ನಿಜವಾಗಿ ಆಗಿತ್ತು. ಆದರೆ ಅವನ "ನಂದೇ ತಪ್ಪು" ಅವಳನ್ನು ಬಜ್ಜಿ ತಿನ್ನಲು ಬಿಡಲಿಲ್ಲ. ತಟ್ಟೆ ಇಟ್ಟು ಗ್ರೌಂಡಿಗೆ ನಡೆದಳು.

ಅವನು ಒಬ್ಬನೇ ಕವಣೆ ಸುತ್ತಿಡುತ್ತಿದ್ದ.

"ಸುಮಾರು ಆರು ಪಟ್ಟು ಬಂತ್ರಿ ಮೇಡಂ," ಎಂದ. "ಚಂದ್ರನ ಮ್ಯಾಲೆ ಕಳ್ಸೀರಿ ನನ್ನ."

"ಹೌದು. ಕಳ್ಸೀನಿ. ಎಲ್ಲಾರ ಮುಂದ ಯಾಕ ಹೇಳಲಿಲ್ಲ?"

"ಹೇಳಿದ್ರ ನಿಮ್ಮನ್ನ ನೋಡಿ ನಗ್ತಿದ್ರು. ಒಮ್ಮೆ ನಗಿಸಿದ್ದ ಸಾಕು." ಕವಣೆ ಸುತ್ತುವುದನ್ನು ನಿಲ್ಲಿಸಿದ. "ಗಾಳಿ ಮೇಡಂ ಅಂತ ಹೆಸರು ಬಿದ್ದದ್ದು ನನಗ ಇವತ್ತೇ ಗೊತ್ತಾತು. ದೇವರಾಣಿ."

"ಗೊತ್ತಿದ್ರ ಏನ್ ಮಾಡ್ತಿದ್ರಿ?"

"ಗೊತ್ತಿಲ್ರಿ. ಅವತ್ತು ನೀವು ಬರೇ ಪರದೆ ನೋಡ್ಕೋತ ಮಾತಾಡ್ತಿದ್ರಿ. ಒಮ್ಮೆ ನನ್ನ ಕಡೆ ನೋಡ್ಲಿ ಅಂತ ಎದ್ದು ನಿಂತೆ. ಬಾಯಿಗೆ ಅದ ಬಂತು." ಕಣ್ಣಿನ ಅಂಚಿಗೆ ಆ ನಗು ಬಂತು. "ಆದ್ರ ಚಂದ್ರನ ಮ್ಯಾಲೆ ಗಾಳಿನೂ ಇಲ್ಲ. ನಿಮ್ಮ ಲೆಕ್ಕ ಪೂರಾ ಸರಿ ಬರೋ ಜಾಗಕ್ಕ ಕಳ್ಸೀರಿ."

ಅವಳಿಗೆ ನಗು ನುಗ್ಗಿ ಬಂತು. ಹಲ್ಲು ಕಚ್ಚಿ ತಡೆದು ಕೈ ಚಾಚಿದಳು. "ಕವಣಿ ಕೊಡ್ರಿ. ಹೋಗಿ ಆ ಕೋಲಿನ ಹತ್ರ ನಿಂದರ್ರಿ. ಗಾಳಿ ಇಲ್ಲದಿದ್ರ ಕಲ್ಲು ಬಂದು ಬೀಳೂ ಜಾಗಕ್ಕ. ಓಡಂಗಿಲ್ಲ."

ಅವನು ಅವಳ ಮುಖ ನೋಡಿದ, ಕವಣೆ ಕೊಟ್ಟ, ಹೋಗಿ ನಿಂತ. ದೂರದಲ್ಲಿ ಬಿಳಿ ಅಂಗಿ ಒಂದು ಕೊಕ್ಕರೆಯಷ್ಟೇ ಕಾಣುತ್ತಿತ್ತು.

ಕೊಟ್ರಮ್ಮ ಕಲ್ಲು ಬಿಟ್ಟು ಗಟ್ಟಿ ಮಣ್ಣಿನ ಹೆಂಟೆಯೊಂದನ್ನು ಆರಿಸಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಕವಣೆ ತಲೆಯ ಮೇಲೆ ಸುತ್ತತೊಡಗಿದಾಗ ಒಂದು ವರ್ಷದ ನಗೆಯೆಲ್ಲ ಅದರಲ್ಲಿ ತಿರುಗಿತು. ಬಿಟ್ಟಳು. ಹಗ್ಗ ಚಟಾರೆಂದಿತು. ಹೆಂಟೆ ಅವನತ್ತಲೇ ಏರಿತು, ಗಾಳಿಯಲ್ಲಿ ಸೋಲುತ್ತ ಬಂತು, ಅವನಿಗಿಂತ ಬಹಳ ಈಚೆ ಬಿದ್ದು ಪುಡಿಯಾಯಿತು. ಧೂಳು ಮಾತ್ರ ಬೀಸಿಕೊಂಡು ಹೋಗಿ ಬಿಳಿ ಅಂಗಿಯನ್ನು ಮುಟ್ಟಿತು.

ಅವನು ಅಲುಗಿರಲಿಲ್ಲ.

ಅವಳೇ ನಡೆದು ಹತ್ತಿರ ಹೋದಳು. "ಗಾಳಿ ನಂಬಿ ನಿಂತಿದ್ರೇನು?"

"ಅಲ್ರಿ. ನಿಮ್ಮನ್ನ."

"ನಾ ಗುರಿ ಇಟ್ಟದ್ದು ನಿಮಗೇ."

"ಗೊತ್ತೈತಿ. ಅಷ್ಟು ಸೀದಾ ಬೀಸೂದು ಪಟ್ಟಣದಾಗ ಕಲಿಯೂದಲ್ಲ." ಅಂಗಿಯ ಧೂಳನ್ನು ಅವನು ಕೊಡವಲಿಲ್ಲ. "ಸೋಮವಾರ ನಮ್ಮವ್ವ ಕೊಟ್ಟೂರಿಗೆ ಬರ್ತಾಳ. ನಿಮ್ಮ ಮನಿಗೂ ಬರ್ಲೇನ್ರಿ?"

ಗಾಳಿ ಬೀಸಿ ಅವಳ ಕೂದಲು ಮುಖಕ್ಕೆ ಬಂತು. ಸರಿಸಿಕೊಳ್ಳಲು ಅವಳು ಬೇಕೆಂದೇ ತಡ ಮಾಡಿದಳು.

"ಸೇಡು ಇನ್ನೂ ತೀರಿಲ್ಲ."

"ಎಷ್ಟು ದಿನ ಹಿಡೀತೈತ್ರಿ?"

"ಬಾಳ ದಿನ," ಎಂದಳು. "ಅವ್ವಗ ಹೇಳಿ ಕರ್ಕೊಂಡ್ ಬರ್ರಿ. ಮಗ ಎಂಥಾಕಿ ಕೈಗೆ ಸಿಗ್ತಾನ ಅನ್ನೂದು ಆಕಿಗೂ ಗೊತ್ತಿರ್ಲಿ."

ಇಬ್ಬರೂ ಮಂಡಕ್ಕಿಯ ಕಡೆ ನಡೆದರು. ಕವಣೆಯನ್ನು ಮಾತ್ರ ಅವಳು ವಾಪಸು ಕೊಡಲಿಲ್ಲ.