ನೇರ ದಾರಿಗೆ ಸಹಿ ಇಲ್ಲ

"ಈ ದಾರಿ ಹಾಕಿದವರು ಯಾರು?"

ಕ್ಯಾಪ್ಟನ್ ಕಾಗದವನ್ನು ಮೇಜಿನ ಮೇಲೆ ಬಡಿದ ರಭಸಕ್ಕೆ ಅವಳ ಚಹಾ ತುಳುಕಿತು.

"ನಾನೇ. ಮೊದಲು ಮೇಜು ಒರೆಸಿ, ಆಮೇಲೆ ಮಾತಾಡಿ!"

ವಿಮಾನ ಕಂಪನಿಯ ಆ ಕಿಟಕಿಯಿಲ್ಲದ ಕೋಣೆಯಲ್ಲಿ ಎಲ್ಲರ ಕಿವಿಯೂ ನೆಟ್ಟಗಾಯಿತು. ಸಾಗರದಾಚೆಯ ನಿಲ್ದಾಣಕ್ಕೆ ಎಷ್ಟು ದೂರ, ಎಷ್ಟು ಹೊತ್ತು, ಎಷ್ಟು ಇಂಧನ ಎಂದು ಲೆಕ್ಕ ಹಾಕುವುದು ಅವಳ ಕೆಲಸ. ಅಷ್ಟು ದೂರದ ದಾರಿಯನ್ನು ಹಿರಿಯರಿಗೇ ಕೊಡುತ್ತಿದ್ದರು. ಅವಳು ಹಟ ಹಿಡಿದು ದಕ್ಕಿಸಿಕೊಂಡಿದ್ದಳು.

"ನೇರ ಹೋಗೋದು ಬಿಟ್ಟು ಇನ್ನೂರು ಕಿಲೋಮೀಟರ್ ಸುತ್ತಿಸ್ತೀರಾ?"

"ನೇರ ಹೋದ್ರೆ ಎದುರುಗಾಳಿ. ಸುತ್ತಿದ್ರೆ ಅರ್ಧ ಗಂಟೆ ಉಳಿಯುತ್ತೆ. ನೀವೇ ಲೆಕ್ಕ ಹಾಕಿ ನೋಡಿ. ನೇರ ದಾರಿಗೆ ನಾನಂತೂ ಸಹಿ ಹಾಕಲ್ಲ!"

ಇಬ್ಬರ ಸಹಿಯೂ ಇಲ್ಲದೆ ವಿಮಾನ ಹೊರಡುವಂತಿಲ್ಲ. ಅವನು ಅಲ್ಲೇ ಕುಳಿತು ಸಾಲು ಸಾಲಾಗಿ ತಾಳೆ ನೋಡಿದ. ಕೊನೆಗೆ ಸಹಿ ಹಾಕಿದ. ಮೇಜನ್ನೂ ಒರೆಸಿದ!

ಅಂದಿನಿಂದ ಪ್ರತಿ ಹಾರಾಟಕ್ಕೂ ಜಗಳ. ಅವನು ಬರುವ ದಿನ ಅವಳು ಬೇಗನೆ ಲೆಕ್ಕ ಮುಗಿಸಿ, ವಾದಕ್ಕೆ ಸೊಂಟ ಕಟ್ಟಿ ಕಾಯುತ್ತಿದ್ದಳು. ಕಾಯುವುದು ವಾದಕ್ಕೋ, ಅವನಿಗೋ... ಅದು ಅವಳಿಗೂ ಗೊತ್ತಿತ್ತು, ಒಪ್ಪಿಕೊಳ್ಳುತ್ತಿರಲಿಲ್ಲ ಅಷ್ಟೆ.

ಆದರೆ ಈಚೆಗೆ ಅವನು ತುಟಿ ಬಿಚ್ಚದೆ ಸಹಿ ಹಾಕಿ ಹೊರಟುಬಿಡುತ್ತಿದ್ದ.

'ನನ್ನ ಜೊತೆ ಮಾತೇ ಬೇಡವಾಯಿತಾ...?'

ಒಂದು ದಿನ ಮ್ಯಾನೇಜರ್ ಕರೆದರು. "ಆ ದಾರಿ ಇನ್ನು ನಿಮಗಿಲ್ಲಮ್ಮ. ಬೇರೆಯವರು ಲೆಕ್ಕ ಹಾಕ್ಲಿ ಅಂತ ಕ್ಯಾಪ್ಟನ್ನೇ ಕೇಳ್ಕೊಂಡಿದಾರೆ."

ಅವಳು ಅಳುತ್ತಾ ಹೊರಗೆ ಬಂದಳು. ಅಮ್ಮನಿಗೆ ಫೋನ್ ಮಾಡಿದರೆ ಸಮಾಧಾನದ ಮಾತೇ ಇಲ್ಲ.

"ಅಳ್ತಾ ಕೂರ್ಬೇಡ ಕಣೇ. ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು. ಹೋಗಿ ಮುಖಕ್ಕೇ ಕೇಳು!"

ಕೇಳಿಯೇಬಿಟ್ಟಳು. ತುಂಬಿದ ಕ್ಯಾಂಟೀನಿನಲ್ಲಿ, ಅವನ ಊಟದ ತಟ್ಟೆಯ ಎದುರು ನಿಂತು.

"ಬೆನ್ನ ಹಿಂದೆ ಚಾಡಿ ಹೇಳೋಕೆ ನಾಚಿಕೆ ಆಗಲ್ವಾ? ನನ್ನ ಲೆಕ್ಕದಲ್ಲಿ ಒಂದೇ ಒಂದು ತಪ್ಪು ತೋರಿಸಿ!"

ಅವನು ಎದ್ದು ನಿಂತ. "ತಪ್ಪು ನಿಮ್ಮದಲ್ಲ... ನಂದು. ನಿಮ್ಮ ಒಂದೊಂದು ಸಾಲನ್ನೂ ತಾಳೆ ನೋಡೋದು ನನ್ನ ಕರ್ತವ್ಯ. ಈಗೀಗ ನೀವು ಹಾಕಿದ್ದು ಅಂದ್ರೆ ಸಾಕು, ಕಣ್ಮುಚ್ಚಿ ಸಹಿ ಹಾಕ್ತೀನಿ. ವಿಮಾನದಲ್ಲಿ ಅಷ್ಟೊಂದು ಜನ ನನ್ನ ನಂಬಿ ಕೂತಿರ್ತಾರೆ. ನಿಮ್ಮ ಮೇಲೆ ಇಷ್ಟು ಪ್ರೀತಿ ಇಟ್ಕೊಂಡು ನಿಮ್ಮ ಕಾಗದಕ್ಕೆ ಸಹಿ ಹಾಕಬಾರದು."

ಪ್ರೀತಿ! ಅವಳಿಗೆ ನಗು, ಅಳು, ಸಿಟ್ಟು ಎಲ್ಲ ಒಟ್ಟಿಗೇ ಬಂದವು. ಸಿಟ್ಟೇ ಮೊದಲು ಬಾಯಿಗೆ ಬಂತು.

"ಪ್ರೀತಿ ಹುಟ್ಟಿದ್ದು ನಿಮಗೆ, ಶಿಕ್ಷೆ ನನಗಾ? ಆ ದಾರಿ ನಂದು, ಬಿಡಲ್ಲ! ಬೇಕಾದ್ರೆ ನೀವು ಬೇರೆ ಕಡೆ ಹಾರಿ!"

ಅವನು ಪೆಚ್ಚಾದ. "ಹೌದಲ್ವಾ... ನನಗೆ ಹೊಳೀಲೇ ಇಲ್ಲ. ಈಗ್ಲೇ ಹೋಗಿ ಮ್ಯಾನೇಜರ್‌ಗೆ ಹೇಳ್ತೀನಿ."

ಬಾಗಿಲವರೆಗೆ ಹೋದವನು ತಿರುಗಿ ಬಂದ. "ಆಮೇಲೆ ನಿಮ್ಮನ್ನ ನೋಡೋದು...?"

"ಇಳಿದ ಮೇಲೆ." ಅವಳ ಕಣ್ಣು ತುಂಬಿತ್ತು, ದನಿ ಮಾತ್ರ ತಗ್ಗಲಿಲ್ಲ. "ಹೋಗೋ ದಾರಿ ಯಾರಾದ್ರೂ ಹಾಕ್ಲಿ. ನನ್ನ ಹತ್ರ ಬರೋ ಹೊತ್ತನ್ನ ನಾನೇ ಲೆಕ್ಕ ಹಾಕ್ತೀನಿ."

"ತಡ ಆದ್ರೆ?"

"ತಡ ಮಾಡಿ ನೋಡಿ!"